ದಂಡವೂ ಬಾಕಿಯೂ: ನಗರ ಸೀಮೆಯ ಆಡಳಿತ ಚರಿತ್ರೆಯಲ್ಲಿ ಒಂದು ವಿಚಾರ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳು ಈಗ ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಭಾಗವಾಗಿವೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇವು ಮೈಸೂರು ಸಂಸ್ಥಾನದ ಆರು ಫೌಜುದಾರಿಗಳಲ್ಲೊಂದಾದ ನಗರದ ಫೌಜುದಾರಿಗೆ ಸೇರಿದ್ದವು. ಕೆಳದಿಯ ನಾಯಕರ ಕಾಲದಿಂದ ಮೊದಲುಗೊಂಡು ನಮ್ಮ ಕಾಲದವರೆಗೆ ಈ ಸೀಮೆಯ ರೈತನಿಗೂ ಸರ್ಕಾರಕ್ಕೂ ನಡೆದ ವ್ಯವಹಾರದಲ್ಲಿ ಒಂದು ಪ್ರಶ್ನೆ ಪುನಃ ಪುನಃ ತಲೆಯೆತ್ತಿರುವುದನ್ನು ಕಾಣಬಹುದು. ಹಿಂದೆಂದೋ ವಿಧಿಸಿದ, ಸಕಾಲದಲ್ಲಿ ಸಲ್ಲದೆ ಉಳಿದ ಹಣವನ್ನು ಈಗ ಸಲ್ಲಿಸೆಂದು ಸರ್ಕಾರದ ಆಜ್ಞೆ ಬಂದರೆ ಪ್ರಜೆಯು ಯಾವಾಗ ಅದಕ್ಕೆ ತಲೆಬಾಗುತ್ತಾನೆ, ಯಾವಾಗ ಬಾಗುವುದಿಲ್ಲ? ಜಪ್ತಿಯ ಭಯ, ಸೆರೆಮನೆಯ ಭಯ ಎಂಬ ಉತ್ತರವು ಸುಲಭವಾದದ್ದು. ಅದು ಪೂರ್ತಿ ಸುಳ್ಳೆಂದು ಹೇಳಲಾಗದು. ಆದರೆ ನಗರ ಸೀಮೆಯ ದಾಖಲೆಗಳನ್ನು ಓದಿದವರಿಗೆ ಆ ಉತ್ತರವು ಸಾಲದೆಂಬುದು ಬೇಗನೆ ಮನದಟ್ಟಾಗುತ್ತದೆ.

ಮೊದಲು ಶಬ್ದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಭೂಮಿಯ ಅನುಭವಕ್ಕಾಗಿ ವರ್ಷವರ್ಷವೂ ಸಲ್ಲತಕ್ಕದ್ದು ಕಂದಾಯ. ಮಾಡಿದ ತಪ್ಪಿಗಾಗಿ ಒಮ್ಮೆ ಸಲ್ಲತಕ್ಕದ್ದು ದಂಡ. ಪಾರಸಿಯ ಮೂಲಕ ಬಂದು ನಮ್ಮ ಹಳ್ಳಿಗಳಲ್ಲಿ ನೆಲೆಯೂರಿದ ಜುಲ್ಮಾನೆಯೂ ಇದೇ. ಕಾಲಕ್ಕೆ ಸಲ್ಲದೆ ನಿಂತದ್ದು ಬಾಕಿ. ಅರ್ಥದಲ್ಲಿ ಈ ಮೂರೂ ಬೇರೆಬೇರೆ. ಆದರೆ ಶಾನುಭೋಗನ ಕಡತದಲ್ಲಿ ಕಂದಾಯವು ತಡವಾದರೆ ಬಾಕಿಯಾಗುತ್ತದೆ, ದಂಡವು ತಡವಾದರೂ ಬಾಕಿಯೇ ಆಗುತ್ತದೆ. ಬಾಕಿಯ ಪಟ್ಟಿಗೆ ಇಳಿದ ಮೇಲೆ ಇದು ಯಾವ ತಪ್ಪಿಗೆ, ಯಾರ ತಪ್ಪಿಗೆ, ಎಂದಿನ ತಪ್ಪಿಗೆ ಎಂಬ ವಿವರಗಳು ಮಾಸಿಹೋಗಿ ಬರಿಯ ಅಂಕಿಯೊಂದು ಉಳಿಯುತ್ತದೆ. ಈ ಲೇಖನದಲ್ಲಿ ಹೇಳಬೇಕಾಗಿರುವುದರ ಬಹುಭಾಗವು ಈ ಮಾಸುವಿಕೆಗೆ ಸಂಬಂಧಿಸಿದ್ದು. ಮಲೆನಾಡಿನ ಜನಕ್ಕೆ ತಡವಾದ ದಂಡವೆಂಬುದು ಅಪರಿಚಿತವಾದ ಭಾವನೆಯೇನೂ ಅಲ್ಲ. ಹೊತ್ತ ಹರಕೆಯನ್ನು ಮರೆತವನು ಮನೆಯಲ್ಲಿ ಮುಡಿಪು ಕಟ್ಟಿಟ್ಟು, ಅನುಕೂಲವಾದಾಗ ದೇವರಿಗೆ ತಪ್ಪುಕಾಣಿಕೆಯೊಡನೆ ಒಪ್ಪಿಸಿ ಬರುವುದುಂಟು. ಅಲ್ಲಿ ಹಣ ಕೇಳುವ ಅಮಲ್ದಾರನಿಲ್ಲ. ಆದರೂ ಹಣ ಸಲ್ಲುತ್ತದೆ. ಏತಕ್ಕೆ ಸಲ್ಲಿಸುತ್ತಿದ್ದೇನೆ ಎಂಬುದು ಸಲ್ಲಿಸುವವನಿಗೆ ತಿಳಿದಿರುತ್ತದೆ ಎಂಬುದನ್ನು ಮಾತ್ರ ಇಲ್ಲಿ ಗಮನಿಸಿ ಮುಂದುವರಿಯೋಣ.

ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ದಾನಶಾಸನಗಳನ್ನು ಓದುವ ವಿದ್ಯಾರ್ಥಿಗಳು ಕೊಟ್ಟ ಭೂಮಿಯ ಎಲ್ಲೆಗಳನ್ನೂ ದಾನಿಯ ವಂಶಾವಳಿಯನ್ನೂ ಗುರುತುಹಾಕಿಕೊಂಡು, ನಡುವೆ ಬರುವ ಹಕ್ಕುಗಳ ಪಟ್ಟಿಯನ್ನು ದಾಟಿಹೋಗುವುದು ವಾಡಿಕೆ. ನಮ್ಮ ದೇಶದ ತಾಮ್ರಪಟಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಸದಂಡದಶಾಪರಾಧ’ ಎಂಬ ಪಾರಿಭಾಷಿಕ ಪದವು ಅಂಥ ಪಟ್ಟಿಗೆ ಸೇರಿದ್ದು. ಹತ್ತು ಬಗೆಯ ಅಪರಾಧಗಳಿಗೆ ಬರುವ ದಂಡವೂ ಗ್ರಾಮದೊಡನೆ ದಾನ ಪಡೆದವನಿಗೆ ಸೇರತಕ್ಕದ್ದೆಂಬುದು ಅದರ ತಾತ್ಪರ್ಯ. ಹೊಲಗದ್ದೆ, ಮರಗಿಡ, ನಿಧಿನಿಕ್ಷೇಪಗಳಂತೆ ದಂಡವೂ ಒಂದು ಆಸ್ತಿಯಾಗಿತ್ತು; ಅರಸನು ಅದನ್ನು ಕೊಡಬಹುದಾಗಿತ್ತು. ಇದರ ಪರಿಣಾಮವೇನೆಂಬುದನ್ನು ಯೋಚಿಸಬೇಕು. ತಪ್ಪು ಮಾಡಿದವನು ದಂಡ ತೆರುವುದು ದೂರದ ರಾಜಧಾನಿಗಲ್ಲ, ತನ್ನ ಊರಿನ ಮಹಾಜನರಿಗೆ ಅಥವಾ ಮಠಕ್ಕೆ. ಬಾಕಿ ಉಳಿದರೆ ಅದನ್ನು ನೆನಪಿಟ್ಟಿರುವವನು ನೆರೆಯವನೇ. ಇದು ರೈತನಿಗೆ ಹಿತವೇ ಆಗಿತ್ತೆಂದು ಹೇಳುವಂತಿಲ್ಲ. ದಂಡದಿಂದ ಲಾಭ ಪಡೆಯುವವನೇ ತಪ್ಪನ್ನು ತೀರ್ಮಾನಿಸುವ ವ್ಯವಸ್ಥೆಯಲ್ಲಿ ತಪ್ಪುಗಳು ಹೆಚ್ಚುವುದು ಸ್ವಾಭಾವಿಕ.

ಕೆಳದಿಯ ಶಿವಪ್ಪನಾಯಕನು (1645–1660) ಏರ್ಪಡಿಸಿದ ಶಿಸ್ತು ಎಲ್ಲರಿಗೂ ವಿದಿತವಾದ ವಿಷಯ. ನೆಲವನ್ನು ಗುಣಾನುಸಾರ ಐದು ತರಗತಿಗಳಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಕಾಲ ಮಾದರಿ ಹೊಲಗಳ ಬಿತ್ತನೆ, ಖರ್ಚು, ಹುಟ್ಟುವಳಿಗಳನ್ನು ಬರೆಯಿಸಿ, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿ ಮಾಡಿದನೆಂದು ಪರಂಪರೆ ಹೇಳುತ್ತದೆ. ಆ ಶಿಸ್ತಿನ ಹಿರಿಮೆಯನ್ನು ಅದರ ದರದಲ್ಲಿ ಹುಡುಕುವುದು ಸಾಮಾನ್ಯ. ನಮ್ಮ ಅಭಿಪ್ರಾಯದಲ್ಲಿ ಹಿರಿಮೆಯಿರುವುದು ಅದರ ನಿಶ್ಚಿತತೆಯಲ್ಲಿ. ತಾನು ಎಷ್ಟು ಕೊಡಬೇಕೆಂಬುದನ್ನು ರೈತನು ಮೊದಲೇ ಅರಿತಿದ್ದರೆ, ಕೊಡದೆ ಉಳಿಸಿದ್ದು ಎಷ್ಟೆಂಬುದನ್ನೂ ಅರಿತಿರುತ್ತಾನೆ. ಅನಂತರದ ಅರಸರ ಕಾಲದಲ್ಲಿ ದಾಸೋಹದ ಹೆಸರಿನಿಂದಲೂ, ಹೊರಗಿನ ದಂಡಯಾತ್ರೆಗಳ ಕಪ್ಪವನ್ನು ತುಂಬುವುದಕ್ಕೆಂದು ಪಗುದಿ, ಪಟ್ಟಿ ಎಂಬ ಹೆಸರುಗಳಿಂದಲೂ ಶಿಸ್ತಿನ ಮೇಲೆ ಹೆಚ್ಚುವರಿ ತೆರಿಗೆಗಳು ಸೇರಿದವು. ಆದರೂ ಜನರ ಬಾಯಲ್ಲಿ ಉಳಿದಿರುವುದು ಶಿಸ್ತಿನ ಹೆಸರು ಮಾತ್ರ.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದ ಮೇಲೆ ಸೀಮೆಯು ಮೈಸೂರಿಗೆ ಸೇರಿತು. ಟಿಪ್ಪುವಿನ ಕಂದಾಯದ ನಿಬಂಧನೆಗಳನ್ನು ಕ್ರಿಸ್ಪ್ ಎಂಬ ಇಂಗ್ಲಿಷರವನು ಭಾಷಾಂತರಿಸಿ 1792ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದನು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ತಪ್ಪಿತಸ್ಥನಾದ ರೈತನಿಂದ ದಂಡದ ಹಣಕ್ಕೆ ಬದಲಾಗಿ ಊರ ಮುಂದೆ ಎರಡು ಮಾವಿನ ಸಸಿಗಳನ್ನೂ ಎರಡು ಬಾದಾಮಿಯ ಸಸಿಗಳನ್ನೂ ನೆಡಿಸಿ, ನಿಗದಿಯಾದ ಎತ್ತರಕ್ಕೆ ಬೆಳೆಯುವವರೆಗೆ ಅವನಿಂದಲೇ ನೀರೆರೆಸಿ ಕಾಪಾಡಿಸಬೇಕೆಂಬುದು ಅದರ ಸಾರಾಂಶ. ಇಂಥ ದಂಡವು ಬಾಕಿ ಉಳಿದರೆ ಊರಿನವರೆಲ್ಲರ ಕಣ್ಣಿಗೂ ಬೀಳುತ್ತದೆ. ಸಂದಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ. ಮಳೆಯು ಧಾರಾಳವಾದ ತೀರ್ಥಹಳ್ಳಿಯ ಕಡೆಯಲ್ಲಿ ಈ ಶಿಕ್ಷೆಯು ಬಯಲುಸೀಮೆಯಷ್ಟು ಕಠಿಣವಾಗಲಾರದೆಂಬುದನ್ನು ಹಾಸ್ಯಕ್ಕಾಗಿ ಹೇಳಬಹುದು.

ಈಗ ಮುಖ್ಯವಾದ ಸಾಕ್ಷ್ಯಕ್ಕೆ ಬರೋಣ. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ (1834–1861) ಮೈಸೂರು ಸಂಸ್ಥಾನದಲ್ಲಿ 769 ಚಿಲ್ಲರೆ ತೆರಿಗೆಗಳನ್ನು ರದ್ದುಪಡಿಸಲಾಯಿತು. ಮದುವೆಗೆ, ಮಗುವಿನ ಹುಟ್ಟಿಗೆ, ನಾಮಕರಣಕ್ಕೆ, ಚೌಲಕ್ಕೆ ಇದ್ದ ತೆರಿಗೆಗಳು ಅವುಗಳಲ್ಲಿ ಸೇರಿದ್ದವು. ಅವುಗಳ ನಡುವೆ ಎರಡು ವಿಚಿತ್ರವಾದ ಬಾಬುಗಳನ್ನು ಆ ಕಾಲದ ಬರೆಹಗಾರರು ಎತ್ತಿ ಹೇಳಿದ್ದಾರೆ. ಒಂದು ಹಳ್ಳಿಯವರು ವರ್ಷವರ್ಷವೂ ಒಂದು ತೆರಿಗೆಯನ್ನು ಕೊಡುತ್ತಿದ್ದರು. ಕಾರಣವೇನೆಂದರೆ, ಅವರ ಪೂರ್ವಿಕರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲ. ನಗರದಲ್ಲಿ ಒಂದು ಗೊತ್ತಾದ ಸ್ಥಳವನ್ನು ಕೈಗಳನ್ನು ಮೈಗೆ ಒತ್ತಿ ಹಿಡಿದುಕೊಳ್ಳದೆ ದಾಟಿದವನು ಒಂದು ತೆರಿಗೆಯನ್ನು ಕೊಡಬೇಕಾಗಿತ್ತು. ಇವೆಲ್ಲವೂ ಸರ್ಕಾರದ ಲೆಕ್ಕಪತ್ರಗಳಲ್ಲಿ ಸಂಸ್ಥಾನದ ಆದಾಯವೆಂದು ಕ್ರಮವಾಗಿ ದಾಖಲಾಗಿದ್ದವು.

ಇವನ್ನು ಓದಿ ನಕ್ಕು ಮುಂದೆ ಹೋಗುವುದು ಸುಲಭ. ಇಂಗ್ಲಿಷ್ ಬರೆಹಗಾರರು ಉಲ್ಲೇಖಿಸಿರುವುದೂ ಹಿಂದಿನ ಆಡಳಿತದ ಅಸಂಬದ್ಧತೆಯನ್ನು ತೋರಿಸುವುದಕ್ಕಾಗಿಯೇ. ಚರಿತ್ರೆಯ ವಿದ್ಯಾರ್ಥಿಯು ಇಲ್ಲಿ ನಿಂತು ನೋಡತಕ್ಕದ್ದುಂಟು. ಕುದುರೆಯ ತೆರಿಗೆಯು ತೆರಿಗೆಯಾಗಿ ಹುಟ್ಟಿದ್ದಲ್ಲ, ದಂಡವಾಗಿ ಹುಟ್ಟಿದ್ದು. ಕುದುರೆ ಸಿಗಲಿಲ್ಲ, ದಂಡ ಬಿತ್ತು, ಅದು ಸರ್ಕಾರದ ಲೆಕ್ಕದಲ್ಲಿ ವರ್ಷಂಪ್ರತಿ ಬರತಕ್ಕ ಹಣವಾಗಿ ನಿಂತಿತು. ಪಾಳೆಯಗಾರನು ಹೋದನು, ಅವನ ಪಾಳೆಯಪಟ್ಟೂ ಹೋಯಿತು, ಕುದುರೆಯ ಮಾತಂತೂ ಹೇಳಬೇಕಾದ್ದಿಲ್ಲ; ಬಾಬು ಮಾತ್ರ ಒಂದು ಸರ್ಕಾರದ ಲೆಕ್ಕದಿಂದ ಮತ್ತೊಂದು ಸರ್ಕಾರದ ಲೆಕ್ಕಕ್ಕೆ ನಡೆದುಬಂದಿತು. ಜನರು ಅದನ್ನು ಕೊಟ್ಟುಕೊಂಡೇ ಬಂದರು. ಅವರು ಕುದುರೆಯ ತಪ್ಪನ್ನು ಒಪ್ಪಿಕೊಂಡಿದ್ದರೆಂದಲ್ಲ. ಚಿಕ್ಕ ಮೊತ್ತ, ವರ್ಷವೂ ಒಂದೇ ಸಮನಾದದ್ದು, ಊರಿಗೆಲ್ಲ ಹಂಚಿಹೋಗುವಂಥದ್ದು. ಅದನ್ನು ತಕರಾರಿಗೆ ಹಾಕಿದರೆ ಆಗುವ ಖರ್ಚು ತೆರಿಗೆಗಿಂತ ಹೆಚ್ಚು. ಅನ್ಯಾಯವಾದರೂ ನಿಶ್ಚಿತವಾದದ್ದನ್ನು ರೈತನು ಸಹಿಸಿಕೊಳ್ಳುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಎರಡನೆಯ ಬಾಬು ಇದಕ್ಕೆ ವಿರುದ್ಧವಾದ ಜಾತಿಗೆ ಸೇರಿದ್ದು: ಅಲ್ಲಿ ತಪ್ಪು ಪ್ರತಿದಿನವೂ ಹೊಸದಾಗಿ ಹುಟ್ಟುತ್ತದೆ, ತಪ್ಪು ನಡೆಯಿತೇ ಇಲ್ಲವೇ ಎಂಬುದನ್ನು ಹೇಳುವವನು ಕಾವಲಿನವನೊಬ್ಬನೇ.

ನಿಶ್ಚಿತತೆಯು ತಪ್ಪಿಹೋದಾಗ ಏನಾಯಿತೆಂಬುದು 1830ರ ನಗರದ ದಂಗೆಯಿಂದ ತಿಳಿದುಬರುತ್ತದೆ. ಈ ದಂಗೆಯನ್ನು ಕೆಳದಿಯ ವಂಶಸ್ಥನೆಂದು ಹೇಳಿಕೊಂಡ ಬೂದಿಬಸಪ್ಪನಾಯಕನ ಕಥೆಯಾಗಿ ಹೇಳುವುದು ರೂಢಿ. ಸಾದರಮಲ್ಲನೆಂಬ ಆ ಪುರುಷನ ಸಾಹಸಗಳು ರಂಜಕವಾದವು, ನಿಜ. ಆದರೆ ರೈತರು ಕೂಟ ಕಟ್ಟಿದ್ದಕ್ಕೆ ಮೂಲ ಕಾರಣಗಳು ಕಂದಾಯದ ಕಡತಗಳಲ್ಲಿವೆ.

ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಬಿಟ್ಟ ಮೇಲೆ ಸಂಸ್ಥಾನದಲ್ಲಿ ಶರತ್ತಿನ ಪದ್ಧತಿ ಬಳಕೆಗೆ ಬಂದಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಒಪ್ಪಿಸುವೆನೆಂದು ಸರ್ಕಾರಕ್ಕೆ ಬರೆದುಕೊಡತಕ್ಕದ್ದು. ವಸೂಲು ಕಡಿಮೆಯಾದರೆ ಕೈಯಿಂದ ತುಂಬತಕ್ಕದ್ದು. ಹೆಚ್ಚಾದರೆ ಆ ಹೆಚ್ಚಳವೂ ಸರ್ಕಾರದ್ದೇ. ಇಂಥ ಕರಾರಿಗೆ ಕೈಹಾಕಿದವನು ತನ್ನ ನಷ್ಟವನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಂದಾಯಕ್ಕೆ ದರವುಂಟು, ಮಿತಿಯುಂಟು. ದಂಡಕ್ಕೂ ಬಾಕಿಗೂ ಅಂಥ ಮಿತಿಯಿಲ್ಲ.

ನಗರದ ಫೌಜುದಾರಿಯು ಪೂರ್ಣಯ್ಯನವರ ಕಾಲದಿಂದಲೂ ಬಹುಮಟ್ಟಿಗೆ ಒಂದೇ ಕುಟುಂಬದವರ ಕೈಯಲ್ಲಿತ್ತು. 1799ರಲ್ಲಿ ಫೌಜುದಾರನಾದ ರಾಮರಾಯನು ಅದರ ಪ್ರಮುಖ. ಮುಂದೆ ವೀರರಾಜ ಅರಸರು ಫೌಜುದಾರರಾಗಿ ಬಂದಾಗ, ರೈತರಿಂದ ಬರಬೇಕಾದ ಬಾಕಿಗಳ ಬಾಬ್ತು ಹಿಂದಿನ ಅಧಿಕಾರಿಗಳು ವಜಾ ಹಾಕಿದ್ದ ಹಣದಲ್ಲಿ ಬಹಳ ಮೋಸ ನಡೆದಿದೆಯೆಂದು ಕಂಡು ವಿಚಾರಣೆಗೆ ತೊಡಗಿದರು. ಆಡಳಿತದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಸರ್ಕಾರಕ್ಕೆ ಸಲ್ಲಬೇಕಾದದ್ದನ್ನು ನೌಕರರು ನುಂಗಿದ್ದರೆ ಅದನ್ನು ಹೊರಗೆ ತೆಗೆಯುವುದು ಫೌಜುದಾರನ ಕರ್ತವ್ಯ. ರೈತನ ಮನೆಯ ಜಗಲಿಯಿಂದ ನೋಡಿದರೆ ಇದೇ ವಿಚಾರಣೆಯು ಬೇರೆ ರೂಪವನ್ನು ತಾಳುತ್ತದೆ. ವಜಾ ಆಯಿತೆಂದು ಬರೆದ ಬಾಕಿಯಲ್ಲಿ ಎರಡು ಬಗೆ ಇರಬಹುದು. ಬೆಳೆ ಕೆಟ್ಟು ನಿಜವಾಗಿಯೂ ಮಾಫಿಯಾದದ್ದು ಒಂದು. ರೈತನು ಹಣವನ್ನು ಕೊಟ್ಟಿದ್ದು, ತೆಗೆದುಕೊಂಡವನು ಅದನ್ನು ತನ್ನ ಜೇಬಿಗೆ ಸೇರಿಸಿ ಸರ್ಕಾರಕ್ಕೆ ವಜಾ ಎಂದು ತೋರಿಸಿದ್ದು ಇನ್ನೊಂದು. ವಜಾ ಸುಳ್ಳೆಂದು ತೀರ್ಮಾನವಾದರೆ ಬಾಕಿಯು ಪುನಃ ಜೀವ ಪಡೆಯುತ್ತದೆ. ಆಗ ಮೊದಲ ಬಗೆಯ ರೈತನು ಮುಗಿದುಹೋಯಿತೆಂದು ತಿಳಿದದ್ದನ್ನು ತೆರಬೇಕು. ಎರಡನೆಯ ಬಗೆಯವನು ಒಮ್ಮೆ ತೆತ್ತದ್ದನ್ನೇ ಮತ್ತೊಮ್ಮೆ ತೆರಬೇಕು. ಅವನ ಕೈಯಲ್ಲಿ ಪಾವತಿಯಿಲ್ಲದಿದ್ದರೆ ಮಾತಿಗೆ ಬೆಲೆಯಿಲ್ಲ.

ದಂಗೆಗೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಸ್ಥಾನ ಕಳೆದುಕೊಂಡವರ ಒಳಸಂಚು, ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನ ಮಹತ್ವಾಕಾಂಕ್ಷೆ, ಅಡಕೆ ಮೆಣಸುಗಳ ಮೇಲಿನ ಭಾರ ಎಲ್ಲವೂ ಸೇರಿಕೊಂಡಿದ್ದವು. ಆದರೂ 1830ರ ಆಗಸ್ಟಿನಿಂದ ಸೇರತೊಡಗಿದ ರೈತರ ಕೂಟಗಳು ಮೊದಲು ಅರ್ಜಿ, ಅಹವಾಲುಗಳ ದಾರಿಯಲ್ಲಿಯೇ ನಡೆದವೆಂಬುದನ್ನು ಮರೆಯಬಾರದು. ಡಿಸೆಂಬರಿನಲ್ಲಿ ಹೊಳೆಹೊನ್ನೂರಿನಲ್ಲಿ ಸೇರಿದ್ದ ಜನರ ಮೇಲೆ ಬಲಪ್ರಯೋಗ ನಡೆದ ಅನಂತರ ವ್ಯವಹಾರವು ಕೈಮೀರಿತು. 1831ರ ಜೂನ್ ತಿಂಗಳಿನಲ್ಲಿ ಇಂಗ್ಲಿಷರ ಸೇನೆಯು ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರ್ 19ರಂದು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ ಆಡಳಿತವು ಕಂಪೆನಿಯವರ ಕಮಿಷನ್ನಿಗೆ ಹೋಯಿತು. ಕಾರಣಗಳನ್ನು ವಿಚಾರಿಸಲು ನೇಮಕವಾದ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇವರ ಸಮಿತಿಯು 1833ರಲ್ಲಿ ವರದಿಯನ್ನು ಒಪ್ಪಿಸಿತು. ಐವತ್ತು ವರ್ಷಗಳ ಕಾಲ ಸಂಸ್ಥಾನವು ಅರಸರ ಕೈತಪ್ಪಿ ಹೋದ ಕಥೆಯಲ್ಲಿ ಹಳೆಯ ಬಾಕಿಯ ಕಡತವೊಂದಕ್ಕೂ ಪಾತ್ರವಿದೆ.

ಅನಂತರದ ಆಡಳಿತವು ಮಾಡಿದ್ದೇನು? 1863ರಲ್ಲಿ ಪ್ರಾರಂಭವಾದ ಸರ್ವೆ, 1888ರ ಮೈಸೂರು ಭೂಕಂದಾಯ ಸಂಹಿತೆ, ಮುಂದೆ 1964ರ ಭೂಕಂದಾಯ ಅಧಿನಿಯಮ ಇವುಗಳ ಮೂಲಕ ತಗಾದೆಯ ನೋಟೀಸು, ಚರಸ್ವತ್ತಿನ ಜಪ್ತಿ, ಹರಾಜು ಎಂಬ ಕ್ರಮವು ನೆಲೆಗೊಂಡಿತು. ನ್ಯಾಯಾಲಯದ ದಂಡಕ್ಕೆ ಬೇರೆಯ ದಾರಿ. 1860ರ ದಂಡಸಂಹಿತೆಯ 70ನೆಯ ಕಲಮು ದಂಡವನ್ನು ಸಾಮಾನ್ಯವಾಗಿ ಶಿಕ್ಷೆಯ ದಿನದಿಂದ ಆರು ವರ್ಷಗಳೊಳಗೆ ವಸೂಲು ಮಾಡತಕ್ಕದ್ದೆಂದು ಮಿತಿ ಹಾಕಿತು. ತಪ್ಪಿತಸ್ಥನು ಸತ್ತರೆ ಅವನ ಸಾಲಕ್ಕೆ ಗುರಿಯಾಗುವ ಆಸ್ತಿಯ ಮೇಲೆ ಮಾತ್ರ ಹೊಣೆ ಉಳಿಯುತ್ತದೆ. ಮಕ್ಕಳು ಮೊಮ್ಮಕ್ಕಳ ಮೈಮೇಲಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 8ನೆಯ ಪ್ರಕರಣದಲ್ಲಿಯೂ ಈ ತತ್ತ್ವವನ್ನು ಉಳಿಸಿಕೊಂಡಿದ್ದಾರೆ. ಕುದುರೆಯನ್ನು ಹುಡುಕಿಕೊಡದ ಪೂರ್ವಿಕರ ಸಂತತಿಯವರಿಗೆ ಇಂಥ ಕಲಮೊಂದು ಇದ್ದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಆದರೂ ಹಳೆಯ ನಂಟು ಪೂರ್ತಿ ಕಡಿದುಹೋಗಿಲ್ಲ. ನ್ಯಾಯಾಲಯವು ಬಯಸಿದರೆ ಸಲ್ಲದ ದಂಡವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡೆಂದು ಜಿಲ್ಲಾಧಿಕಾರಿಗೆ ಬರೆಯಬಹುದು. ದಂಡವು ಪುನಃ ಬಾಕಿಯ ಪಟ್ಟಿಗೆ ಇಳಿಯುವುದು ಇಲ್ಲಿಯೇ.

ತೆರುವುದನ್ನೇ ತತ್ತ್ವಕ್ಕಾಗಿ ನಿರಾಕರಿಸಿದವರ ಉದಾಹರಣೆಯು ನೆರೆಯಲ್ಲಿಯೇ ಇದೆ. ಸಾಗರದ ಗಡಿಗೆ ಹೊಂದಿದ ಸಿದ್ದಾಪುರದಲ್ಲಿಯೂ ಅಂಕೋಲೆಯಲ್ಲಿಯೂ 1931–32ರಲ್ಲಿ ನಡೆದ ಕರನಿರಾಕರಣೆಯಲ್ಲಿ ರೈತರು ಜಮೀನುಗಳನ್ನು ಕಳೆದುಕೊಂಡರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಅವುಗಳನ್ನು ಮರಳಿಸುವ ಏರ್ಪಾಡಾಯಿತು. ಅದೊಂದು ಬೇರೆಯೇ ಅಧ್ಯಾಯ. ಇನ್ನೊಂದು ತುದಿಯಲ್ಲಿ, 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ವಾಹನ ಸಂಚಾರದ ಹಳೆಯ ದಂಡಗಳನ್ನು ಆ ತಿಂಗಳ 11ನೆಯ ತಾರೀಖಿನೊಳಗೆ ಕಟ್ಟಿದವರಿಗೆ ಅರ್ಧದಷ್ಟು ರಿಯಾಯಿತಿಯೆಂದು ಆಜ್ಞೆ ಹೊರಡಿಸಿದಾಗ ಬೆಂಗಳೂರಿನಲ್ಲಿಯೇ 120 ಕೋಟಿ ರೂಪಾಯಿಗಳಿಗೂ ಹೆಚ್ಚು ಹಣ ಕೆಲವೇ ದಿನಗಳಲ್ಲಿ ಬಂದು ಬಿದ್ದಿತು. ಹಿಂದಿನ ದಿನದವರೆಗೆ ಇದೇ ಜನ ಇದೇ ದಂಡವನ್ನು ಕಟ್ಟದೆ ಇದ್ದರು. ಅವಧಿ ನಿಶ್ಚಿತವಾಯಿತು, ಮೊತ್ತ ನಿಶ್ಚಿತವಾಯಿತು, ಕಟ್ಟಿದರೆ ಲೆಕ್ಕ ಮುಗಿಯಿತೆಂಬ ಭರವಸೆಯೂ ದೊರೆಯಿತು. ಅರ್ಧದ ರಿಯಾಯಿತಿಯ ಆಸೆ ದೊಡ್ಡದೇ; ಆದರೆ ಲೆಕ್ಕ ಮುಗಿಯುವುದರ ನೆಮ್ಮದಿಯನ್ನು ಕಡಿಮೆಯೆಂದು ಎಣಿಸಲಾಗದು. ಇಂಥ ರಿಯಾಯಿತಿಯನ್ನು ಪದೇ ಪದೇ ಕೊಟ್ಟರೆ ಜನರು ಮುಂದಿನ ರಿಯಾಯಿತಿಗೆ ಕಾಯುವರೆಂಬುದು ಬೇರೆಯ ಮಾತು.

ಮಲೆನಾಡಿನಲ್ಲಿ ಮಾತ್ರ ದಂಡದ ಚರಿತ್ರೆಯು ಇಪ್ಪತ್ತನೆಯ ಶತಮಾನದಲ್ಲಿ ಅನಿರೀಕ್ಷಿತವಾದ ತಿರುವನ್ನು ಪಡೆಯಿತು. ಸರ್ಕಾರದ ಜಮೀನನ್ನು ಅಪ್ಪಣೆಯಿಲ್ಲದೆ ಸಾಗುವಳಿ ಮಾಡುವುದಕ್ಕೆ ಬಗರ್‌ಹುಕುಂ ಎಂದು ಹೆಸರು. ಹುಕುಮಿಲ್ಲದ್ದು ಎಂದೇ ಆ ಪಾರಸಿ ಮಾತಿನ ಅರ್ಥ. ಹೀಗೆ ಸಾಗುವಳಿ ಮಾಡಿದವನ ಮೇಲೆ ಕಂದಾಯ ಇಲಾಖೆಯವರು ಜುಲ್ಮಾನೆ ಹಾಕಿ ರಸೀದಿ ಕೊಡುವುದುಂಟು. ಜನರು ಇದನ್ನು ಟಿ.ಟಿ. ದಂಡವೆನ್ನುತ್ತಾರೆ. ದಂಡವು ಶಿಕ್ಷೆಯಾದ್ದರಿಂದ ಅದನ್ನು ತಪ್ಪಿಸಿಕೊಳ್ಳಲು ಜನ ಯತ್ನಿಸುವರೆಂದು ಯಾರಾದರೂ ಎಣಿಸಬಹುದು. ನಡೆದದ್ದು ವಿಪರ್ಯಾಸ. ರೈತರು ದಂಡ ಹಾಕಿಸಿಕೊಳ್ಳಲು ಕಾತರರಾಗಿದ್ದರು. ಹಾಕಿದ್ದನ್ನು ತಡಮಾಡದೆ ಕಟ್ಟಿದರು. ಬಾಕಿಯಿದ್ದರೆ ತಾವಾಗಿಯೇ ಹೋಗಿ ತೀರಿಸಿದರು. ಏಕೆಂದರೆ ಈ ಜಮೀನು ಇಂಥ ವರ್ಷ ಇಂಥವನ ಸ್ವಾಧೀನದಲ್ಲಿತ್ತೆಂದು ಸರ್ಕಾರವೇ ಬರೆದುಕೊಟ್ಟ ಕಾಗದವು ಅವನ ಬಳಿ ಇರುವುದು ಅದೊಂದೇ. ಹುಕುಮಿಲ್ಲದ ಜಮೀನಿಗೆ ದಂಡದ ಹುಕುಮೇ ಹುಕುಮಾಯಿತು.

ಈ ಲೆಕ್ಕಾಚಾರವು ಸುಳ್ಳಾಗಲಿಲ್ಲ. 1964ರ ಭೂಕಂದಾಯ ಅಧಿನಿಯಮಕ್ಕೆ ಮುಂದೆ ಸೇರಿಸಿದ 94-ಎ ಪ್ರಕರಣವು 1990ರ ಏಪ್ರಿಲ್ 14ಕ್ಕೆ ಹಿಂದಿನಿಂದ ಇದ್ದ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸಲು ದಾರಿಮಾಡಿತು. ಫಾರಂ 50, ಫಾರಂ 53, ಅನಂತರ 2018ರಿಂದ ಫಾರಂ 57 ಎಂದು ಅರ್ಜಿಗಳ ಸರಣಿಯೇ ನಡೆಯಿತು. ಕೊನೆಯದರಲ್ಲಿ 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿಯನ್ನು ಪರಿಗಣಿಸುವ ಅವಕಾಶವಿತ್ತು. ಶಾಸಕರ ಅಧ್ಯಕ್ಷತೆಯ ಸಮಿತಿಯ ಮುಂದೆ ತಹಸೀಲ್ದಾರರು ಅರ್ಜಿಗಳನ್ನು ಮಂಡಿಸುವಾಗ ಸಾಗುವಳಿಯ ಕಾಲವನ್ನು ಸ್ಥಾಪಿಸಲು ಅರ್ಜಿದಾರನು ಮುಂದಿಡುವ ದಾಖಲೆಗಳಲ್ಲಿ ದಂಡದ ರಸೀದಿಗೆ ವಿಶೇಷ ಬೆಲೆಯಿತ್ತು. ದಂಡ ತೆತ್ತವನ ತಪ್ಪು ಅವನ ಹಕ್ಕಿಗೆ ಆಧಾರವಾಯಿತು. ದಂಡ ಬೀಳದವನು, ಅಂದರೆ ಕಡತದ ಮಟ್ಟಿಗೆ ನಿರಪರಾಧಿಯಾದವನು, ಬರಿಗೈಯಲ್ಲಿ ನಿಂತನು.

ಇದರ ಕಹಿಯನ್ನು ಹೆಚ್ಚಾಗಿ ಉಂಡವರು ಶರಾವತಿಯ ಮುಳುಗಡೆಯ ಕುಟುಂಬಗಳು. ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ, ಲಿಂಗನಮಕ್ಕಿ 1964ರಲ್ಲಿ ಮುಗಿದವು. ಊರು ಬಿಟ್ಟವರಲ್ಲಿ ಅನೇಕರನ್ನು ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ ತಾಲ್ಲೂಕುಗಳ ಕಾಡಿನ ಅಂಚುಗಳಲ್ಲಿ ನೆಲೆಗೊಳಿಸಿದರು. ಸರ್ಕಾರವೇ ತಂದು ಕೂರಿಸಿದ್ದರೂ ಕಾಡೆಂಬ ಹೆಸರು ಕಾಗದದಲ್ಲಿ ಉಳಿದದ್ದರಿಂದ, ಎರಡು ತಲೆಮಾರು ಕಳೆದ ಮೇಲೂ ಬಹುಮಂದಿಗೆ ಹಕ್ಕುಪತ್ರದ ತಕರಾರು ಮುಗಿದಿಲ್ಲ. ದಂಡ ವಿಧಿಸುವ ಅಧಿಕಾರವು ಕಂದಾಯ ಇಲಾಖೆಯದೋ ಅರಣ್ಯ ಇಲಾಖೆಯದೋ ಎಂಬುದರ ಮೇಲೆ ರಸೀದಿಯ ಅರ್ಥವೇ ಬದಲಾಗುತ್ತದೆ: ಮೊದಲನೆಯದು ಸ್ವಾಧೀನಕ್ಕೆ ಸಾಕ್ಷಿ, ಎರಡನೆಯದು ಅಪರಾಧಕ್ಕೆ ಸಾಕ್ಷಿ. ನೆಲ ಒಂದೇ, ನೇಗಿಲು ಒಂದೇ, ಹಣವೂ ಒಂದೇ ಮನೆಯಿಂದ ಹೋದದ್ದು.

ಆದಕಾರಣ ಈ ಸೀಮೆಯ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ಸೂಚನೆಯನ್ನು ಮುಂದಿಡಬಹುದು. ದಂಡದ ರಸೀದಿಗಳು ಸರ್ಕಾರದ ಭಂಡಾರಗಳಿಗಿಂತ ಹೆಚ್ಚಾಗಿ ಮನೆಗಳಲ್ಲಿವೆ. ಅಡಕೆಯ ಅಟ್ಟದ ಮೇಲಿನ ಟ್ರಂಕುಗಳಲ್ಲಿ, ದೇವರ ಗೂಡಿನ ಹಿಂದೆ, ಮಳೆಗಾಲದ ತೇವಕ್ಕೂ ಗೆದ್ದಲಿಗೂ ಸಿಕ್ಕಿ ಸವೆಯುತ್ತಿವೆ. ಸರ್ವೆ ನಂಬರು, ವಿಸ್ತೀರ್ಣ, ವರ್ಷ, ಮೊತ್ತ, ಸಹಿ ಮಾಡಿದವನ ಹುದ್ದೆ ಈ ಐದನ್ನು ಮಾತ್ರ ಮನೆಯವರ ಅನುಮತಿಯಿಂದ ನಕಲು ಮಾಡಿಕೊಂಡರೆ ಸಾಕು, ಹೆಸರುಗಳು ಬೇಕಾಗಿಲ್ಲ. ಬೇಸಿಗೆಯ ರಜೆಯಲ್ಲಿ ಒಂದೊಂದು ಹೋಬಳಿಯಿಂದ ಈ ಕೆಲಸವನ್ನು ಪ್ರಾರಂಭಿಸಬಹುದು. ಜೂನ್ ಹಿಡಿದ ಮೇಲೆ ಟ್ರಂಕು ತೆರೆಯಲು ಮನೆಯವರೇ ಒಪ್ಪುವುದಿಲ್ಲ.